ಮೂರನೆಯ ಎಲೆ

ಮಾಂಸದ ತುಂಡು ನಾಲಿಗೆಯ ಮೇಲೆ ಬಿದ್ದದ್ದೇ ತಡ, ಭೋಜರಾಜನಿಗೆ ಅಗಿಯುವುದೇ ಮರೆತುಹೋಯಿತು.

ಇದು ಬೇಬಿ ಅಕ್ಕನ ಹೊಗೆ.

ಅನುಮಾನವೇ ಇಲ್ಲ. ಮೊದಲು ಉಪ್ಪು, ಆಮೇಲೆ ಮೆಣಸಿನ ಚುರುಕು, ಅದರ ಬೆನ್ನಿಗೇ ಬೆಲ್ಲ ಸೀದಂಥ ಒಂದು ತೆಳು ಸಿಹಿ. ಆ ಸಿಹಿ ಮಸಾಲೆಯದಲ್ಲ. ಕೆಂಡದ ಮೇಲೆ ತಾಳೆಮರದ ತಾಟಿನುಂಗಿನ ಒಣ ಸಿಪ್ಪೆ ಎಸೆದರೆ ಏಳುವ ಹೊಗೆಯದು. ಇಡೀ ಚೆನ್ನೈನಲ್ಲಿ ಹಾಗೆ ಎಸೆಯುತ್ತಿದ್ದವಳು ಒಬ್ಬಳೇ. ಎಣ್ಣೂರಿನ ಮೀನುಗಾರರ ಹಟ್ಟಿಯ ಅಂಚಿನಲ್ಲಿ, ಹಡಗಿನ ಎಣ್ಣೆ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ ಒಲೆ ಮಾಡಿಕೊಂಡು ಕೂರುತ್ತಿದ್ದವಳು. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಡ್ರಮ್ಮಿನ ಸಮೇತ ಮಾಯವಾದವಳು.

"ಹೆಂಗಿದೆ ಬ್ರೋ?" ಮೇಜಿನ ಆಚೆಯಿಂದ ಗುರುಚರಣ ಕೇಳಿದ.

ಬ್ರೋ! ಆ ಮಾತು ಕೇಳಿದಾಗಲೆಲ್ಲ ಭೋಜರಾಜನ ಕಿವಿಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಗುತ್ತಿತ್ತು. ಯಾವ ಹೊಟ್ಟೆಯಲ್ಲಿ ಒಟ್ಟಿಗೆ ಹುಟ್ಟಿದ್ದೆವಂತೆ?

"ವಸಿ ತಡೀರಿ. ನುಂಗೋದಕ್ಕೆ ಬುಡಿ," ಎಂದ.

ಗುರುಚರಣ ನಕ್ಕ. ನಗುವುದಕ್ಕೂ ಅವನಿಗೆ ಬೆಳಕು ಸರಿಯಾಗಿ ಬೀಳುವ ಜಾಗ ಗೊತ್ತಿತ್ತು. ಮೈಸೂರಿನವನು. ಓದಿದ್ದು ದೊಡ್ಡ ಕಾಲೇಜಿನಲ್ಲಿ. ಅವನು ಕ್ಯಾಮೆರಾ ಮುಂದೆ ಒಂದು ತುತ್ತು ತಿಂದು ಕಣ್ಣು ಮುಚ್ಚಿದರೆ ಸಾಕು, ಮಾರನೆಯ ದಿನ ಆ ಹೋಟೆಲಿನ ಮುಂದೆ ಸಾಲು. ಈಗ ಅಣ್ಣಾ ನಗರದ ಅಗಲ ರಸ್ತೆಯಲ್ಲಿ ತನ್ನದೇ ಬಾರ್ಬೆಕ್ಯೂ ಹೋಟೆಲು ತೆರೆಯಲು ನಿಂತಿದ್ದ. ಹೆಸರು 'ಧೂಮ್ರ'. ಪುರಟ್ಟಾಸಿ ತಿಂಗಳು ಕಳೆದು ಊರಿನ ತಮಿಳರು ಮತ್ತೆ ಮಾಂಸ ಮುಟ್ಟುವ ದಿನವೇ ಬಾಗಿಲು ತೆಗೆಯುವುದು. ಅದಕ್ಕೆ ಮುಂಚೆ ರುಚಿ ನೋಡಿ ಹೇಳಲು ಭೋಜರಾಜನನ್ನು ಕರೆಸಿದ್ದ. "ನಿಮ್ಮ ನಾಲಿಗೆ ಬೇಕು" ಎಂದು ಫೋನಿನಲ್ಲಿ ಹೇಳಿದ್ದ, ಅಂಗಡಿಯಲ್ಲಿ ಕಾಲು ಕಿಲೋ ನಾಲಿಗೆ ಕೇಳಿದ ಹಾಗೆ.

ಭೋಜರಾಜ ಬಂದದ್ದು ನಾಲಿಗೆ ಕೊಡುವುದಕ್ಕಲ್ಲ. ಬೇಬಿ ಅಕ್ಕ ಮಾಯವಾದಾಗಿನಿಂದ ಅವನು ಹುಡುಕುತ್ತಿದ್ದ ಹೊಗೆ ಇಲ್ಲೇ ಸಿಗುತ್ತದೆ ಎಂದು ಅವನ ಹೊಟ್ಟೆ ಹೇಳುತ್ತಿತ್ತು. ಹೊಟ್ಟೆಯೋ ಹೊಟ್ಟೆಕಿಚ್ಚೋ, ಅದನ್ನು ಬಿಡಿಸಿ ನೋಡುವ ವ್ಯವಧಾನ ಅವನಿಗಿರಲಿಲ್ಲ.

"ಕೈ ತೊಳ್ಕಂಡ್ ಬತ್ತೀನಿ," ಎಂದು ಎದ್ದ.

ಕೈತೊಳೆಯುವ ಜಾಗದಲ್ಲಿ ನಿಂತು ಎಸ್.ಐ. ತಿಲಗವತಿಗೆ ಫೋನ್ ಮಾಡಿದ. ಬೇಬಿಯ ಕೇಸು ಆಕೆಯ ಕೈಯಲ್ಲಿತ್ತು. ಬೇಬಿಯ ಫೋನಿನಿಂದ ಹೋದ ಕಡೆಯ ಕರೆ ಭೋಜರಾಜನಿಗೆ ಎಂಬುದೂ ಆಕೆಯ ಕೈಯಲ್ಲಿತ್ತು. ಇವತ್ತು ಸಂಜೆಯೊಳಗೆ ಬೇರೆ ಹೆಸರು ಕೊಡದಿದ್ದರೆ ನಿನ್ನ ಹೆಸರನ್ನೇ ಬರೆದುಕೊಳ್ಳುತ್ತೇನೆ ಎಂದು ನಿನ್ನೆಯೇ ಹೇಳಿದ್ದಳು.

"ಮೇಡಂ, ಅಣ್ಣಾ ನಗರ್ ವಾಂಗ. ಆಳು ಸಿಕ್ಕವ್ನೆ."

"ಡ್ರಮ್ ಎಲ್ಲಿ?"

"ಅದೂ ಇಲ್ಲೇ ಇರ್ತದೆ, ಬನ್ನಿ."

ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಊಟ ಹೊತ್ತು ತಿರುಗುವವನ ಮುಖ. ಹೆಲ್ಮೆಟ್ಟಿನ ಪಟ್ಟಿಯ ಗೆರೆ ಕೆನ್ನೆಯ ಮೇಲೆ ಹಾಗೇ ನಿಂತಿತ್ತು.

ಈ ಊರಿನಲ್ಲಿ ಬಾರ್ಬೆಕ್ಯೂ ಹುಡುಕುವುದೆಂದರೆ ಮರಳು ಹಿಂಡಿ ಎಣ್ಣೆ ತೆಗೆದ ಹಾಗೆ. ಬಿರಿಯಾನಿ ಕೇಳಿ, ಬೀದಿಗೊಂದು ಹಂಡೆ ಕಾಣಿಸುತ್ತದೆ. ಮೀನು ಕೇಳಿ, ಬೀಚಿನುದ್ದಕ್ಕೂ ಬಾಣಲೆ. ಕೆಂಡದ ಮಾಂಸ ಕೇಳಿದಿರೋ, ಕೇಸರಿ ಬಣ್ಣ ಬಳಿದ ಕೋಳಿ ತಂದಿಡುತ್ತಾರೆ. ದೊಡ್ಡ ಹೋಟೆಲಿಗೆ ಹೋದರೆ ಮೇಜಿನ ನಡುವೆ ಗುಂಡಿ ತೋಡಿ ಕಂಬಿ ಚುಚ್ಚಿಡುತ್ತಾರೆ. ಮಾಂಸ ಬೆಂದಿರುವುದು ಒಳಗಡೆ ಗ್ಯಾಸಿನ ಮೇಲೆ, ಮೇಜಿನ ಕೆಂಡ ಬರೀ ಆರತಿಗೆ! ಊಟದ ಚೀಲ ಬೆನ್ನಿಗೆ ಹಾಕಿಕೊಂಡು ಈ ಊರಿನ ಸಂದಿಗೊಂದಿ ಸುತ್ತುವಾಗ ಭೋಜರಾಜ ಮೂಗು ತೆರೆದೇ ಇಟ್ಟಿರುತ್ತಿದ್ದ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಆ ಮೂಗೇ ಸರ್ಟಿಫಿಕೇಟು. ನಿಜವಾದ ಕೆಂಡ, ನಿಜವಾದ ಹೊಗೆ, ಕಾದು ಕಾದು ಬೆಂದ ಮಾಂಸ ಎಲ್ಲಾದರೂ ಸಿಕ್ಕಿದರೆ ತನ್ನ 'ಕೆಂಡ ಎಲ್ಲಿದೆ' ಪುಟದಲ್ಲಿ ಹಾಕುತ್ತಿದ್ದ.

ಹಾಕಿದ ವಾರದೊಳಗೆ ಅದೇ ಜಾಗದಲ್ಲಿ ಗುರುಚರಣ ನಿಂತಿರುತ್ತಿದ್ದ. ಕ್ಯಾಮೆರಾ, ಲೈಟು, ಇಸ್ತ್ರಿ ಮಾಡಿದ ಅಂಗಿ. 'ನಾನು ಕಂಡುಹಿಡಿದ ಜಾಗ' ಅಂತ ಇಂಗ್ಲಿಷಿನಲ್ಲಿ ತಲೆಬರಹ. ಬಿಲ ತೋಡಿದ್ದು ಇರುವೆ, ಒಳಗೆ ಸೇರಿಕೊಂಡದ್ದು ಹಾವು.

ಅದಕ್ಕೇ ಬೇಬಿ ಅಕ್ಕನನ್ನು ಅವನು ಪುಟಕ್ಕೆ ಹಾಕಲೇ ಇಲ್ಲ. ಒಬ್ಬಳಿಗೆ ಮಾತ್ರ ಹೇಳಿದ್ದ. ಮಾವನ ಮಗಳಿಗೆ.

ಆ ಮಾವನ ಮಗಳೇ ಈಗ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಬಂದಳು.

ಪ್ರಣಮ್ಯಾ 'ಧೂಮ್ರ' ಎಂದು ಬರೆದ ಕಪ್ಪು ಅಂಗಿ ತೊಟ್ಟಿದ್ದಳು. ಗುರುಚರಣನ ವಿಡಿಯೋಗಳನ್ನೆಲ್ಲ ತೆಗೆಯುವವಳು, ಕತ್ತರಿಸಿ ಜೋಡಿಸುವವಳು ಅವಳೇ. ಕೈಗೆ ಮೊಣಕೈವರೆಗೂ ಕಪ್ಪು ರಬ್ಬರಿನ ಗ್ಲೌಸು. ಭೋಜರಾಜನ ಕಣ್ಣು ಮೊದಲು ಹೋದದ್ದು ಆ ಗ್ಲೌಸಿಗೆ. ರಂಗನಾಥನ್ ಸ್ಟ್ರೀಟಿನಲ್ಲಿ ತಾನು ಕೊಡಿಸಿದ್ದ ಬೆಳ್ಳಿಯ ಆಮೆ ಉಂಗುರ ಅದರೊಳಗೆ ಇದೆಯೋ ಇಲ್ಲವೋ? ಕಳೆದ ಎರಡು ಸಲ ಕಂಡಾಗಲೂ ಹೀಗೇ ಗ್ಲೌಸು. ಬೇಕೆಂದೇ ಹಾಕಿಕೊಳ್ಳುತ್ತಾಳೋ ಏನೋ.

"ಭೋಜರಾಜ್, ಎಪ್ಪ ಬಂದೆ?" ಎಂದಳು.

ಭೋಜರಾಜ್! ಚಿಕ್ಕಂದಿನಿಂದ 'ಬಾವ, ಬಾವ' ಎಂದು ಜೋತುಬೀಳುತ್ತಿದ್ದ ಬಾಯಿ. ವೆಸ್ಟ್ ಮಾಂಬಲಂ ಮನೆಯಲ್ಲಿ ರೈಲ್ವೆಯ ಮಾವ ಕೃಷ್ಣಮೂರ್ತಿ, "ಇವಳು ಯಾವತ್ತಿದ್ರೂ ನಿನ್ ಮನೆಗೇ ಕಣಪ್ಪ" ಎಂದು ನಗುತ್ತಿದ್ದ ಕಾಲವೂ ಒಂದಿತ್ತು. ಗುರುಚರಣ ಆ ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತ ಮೇಲೆ ಮಾವ ಆ ಮಾತು ಆಡುವುದನ್ನೇ ಬಿಟ್ಟಿದ್ದ.

"ಈಗ್ಲೇ ಬಂದೆ. ನಿಮ್ ಯಜಮಾನ್ರು ಕರೆಸಿದ್ರು."

"ಯಜಮಾನ್ರು ಏನು, ಫ್ರೆಂಡು ಅವರು," ಎಂದು ಪ್ರಣಮ್ಯಾ ಮುಖ ಗಂಟಿಕ್ಕಿದಳು.

"ಓಹೋ. ಫ್ರೆಂಡು."

"ಬ್ರೋ, ಮಾಂಸದ ಬಗ್ಗೆ ಹೇಳಿ," ಎಂದ ಗುರುಚರಣ.

ಭೋಜರಾಜ ಮೇಜಿನ ಮೇಲೆ ಎರಡೂ ಅಂಗೈ ಊರಿದ.

"ಮಾಂಸ ಚೆನ್ನಾಗದೆ. ಯಾರು ಬೇಯ್ಸಿದ್ದು?"

"ನಮ್ಮ ಹುಡುಗ್ರೇ."

"ಸುಳ್ಳು ಬ್ಯಾಡ. ಹೊಗೆ ಎಲ್ಲಿಂದ ತಂದ್ರಿ?"

"ಹೊಗೆನಾ? ಹೊಗೆ ಬೆಂಕಿಯಿಂದ ಬರುತ್ತೆ ಬ್ರೋ." ಗುರುಚರಣ ಪ್ರಣಮ್ಯಾಳ ಕಡೆ ತಿರುಗಿ ಹುಬ್ಬು ಹಾರಿಸಿದ. ಅವಳು ನಗಲಿಲ್ಲ. ಅದನ್ನು ಭೋಜರಾಜ ಗಮನಿಸಿದ. ಗಮನಿಸಿ, ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ. ಇವನು ಮಾಡಿದ ಕೆಲಸ ಇವಳಿಗೆ ಗೊತ್ತಾಗಿದೆ, ಅದಕ್ಕೇ ನಗು ಬರುತ್ತಿಲ್ಲ.

"ಹಿತ್ಲು ತೋರ್ಸಿ," ಎಂದ.

"ಯಾಕೆ?"

"ತೋರ್ಸಕ್ಕೆ ಭಯನಾ?"

"ಭಯ ಯಾಕೆ? ಬನ್ನಿ," ಎಂದು ಗುರುಚರಣನೇ ಮುಂದೆ ನಡೆದ.

ಅಡುಗೆಮನೆ ದಾಟಿದರೆ ತಗಡಿನ ಸೂರಿನ ಅಂಗಳ. ಒಂದು ಮೂಲೆಯಲ್ಲಿ ಹೊರದೇಶದಿಂದ ತರಿಸಿದ ಹೊಸ ಒಲೆ, ಗಾಜಿನ ಬಾಗಿಲು, ಒಳಗೆ ದೀಪ. ಅದು ತಣ್ಣಗಿತ್ತು. ಅದರ ಪಕ್ಕದಲ್ಲಿ, ಇಟ್ಟಿಗೆಗಳ ಮೇಲೆ, ಕಪ್ಪಗೆ ಮಸಿ ಹಿಡಿದ ದೇವರ ಹಾಗೆ ಕೂತಿತ್ತು ಸೀಳಿದ ಎಣ್ಣೆ ಡ್ರಮ್ಮು. ಮುಚ್ಚಳಕ್ಕೆ ಹಿಡಿಕೆಯ ಬದಲು ಹಡಗಿನ ಸರಪಳಿಯ ಒಂದು ಕೊಂಡಿ ಬೆಸೆದಿತ್ತು. ಆ ಕೊಂಡಿ ಹಿಡಿದು ಭೋಜರಾಜ ಎಷ್ಟು ಸಲ ಕೈ ಸುಟ್ಟುಕೊಂಡಿದ್ದನೋ. ಬೇಬಿ ಅಕ್ಕ ಅವನನ್ನು ಬೈಯುತ್ತಾ, ಪನ್ನೀರ್ ಸೋಡಾದ ಬಾಟಲಿಯೊಳಗೆ ಸೀಳಿದ ಹಸಿಮೆಣಸಿನಕಾಯಿ ತುರುಕಿಕೊಂಡು ಹೀರುತ್ತಾ ಕೂರುತ್ತಿದ್ದಳು. ಗುಲಾಬಿ ಘಮದ ಸಿಹಿ ಸೋಡಾಕ್ಕೆ ಹಸಿಮೆಣಸಿನಕಾಯಿ! ಪ್ರಪಂಚದಲ್ಲಿ ಇನ್ಯಾರೂ ಹಾಗೆ ಕುಡಿಯಲಾರರು. ನನಗೂ ಒಂದು ಗುಟುಕು ಕೊಡಕ್ಕಾ ಎಂದರೆ, "ಪೋಡಾ, ಬಾಯಿ ಸುಟ್ಟುಹೋಗ್ತದೆ" ಎನ್ನುತ್ತಿದ್ದಳು.

ಡ್ರಮ್ಮಿನ ಪಕ್ಕದಲ್ಲಿ ಒಂದು ಗೋಣಿಚೀಲ. ಬಾಯಿ ಬಿಚ್ಚಿತ್ತು. ಒಳಗೆ ಒಣಗಿದ ತಾಟಿನುಂಗಿನ ಸಿಪ್ಪೆ.

ಭೋಜರಾಜನಿಗೆ ಗೆದ್ದೆ ಅನ್ನಿಸಿತು. ಬೇಬಿ ಅಕ್ಕನಿಗಾಗಿ ಅಳು ಬರುವುದಕ್ಕಿಂತ ಮುಂಚೆ ಗೆದ್ದೆ ಅನ್ನಿಸಿತಲ್ಲ ಎಂದು ಆಮೇಲೆ ನಾಚಿಕೆಯಾಗಬಹುದಿತ್ತು. ಈಗ ಆಗಲಿಲ್ಲ.

ಗುರುಚರಣನ ಕೊರಳಪಟ್ಟಿಗೆ ಕೈ ಹಾಕಿದ.

"ಆಯಮ್ಮನ್ನ ಏನ್ ಮಾಡ್ದೆ?"

"ಏಯ್! ಯಾವ ಅಮ್ಮ?"

"ಬೇಬಿ ಅಕ್ಕ! ಈ ಡ್ರಮ್ಮು ಅವಳ್ದು. ಈ ಸಿಪ್ಪೆ ಅವಳ್ದು. ನೀ ಎಣ್ಣೂರ್ಗೆ ಓಗಿದ್ದೆ. ಅಮಾಸೆ ಹಿಂದಿನ್ ದಿನ ಆಯಮ್ಮ ನಂಗೆ ಫೋನ್ ಮಾಡಿದ್ಲು ಕಣೋ. 'ತಂಬಿ, ಉಂಗ ಊರ್ಕಾರಂಗ ವಂದಿರ್ಕಾಂಗ' ಅಂದ್ಲು. ನಿಮ್ಮ ಊರಿನೋರು ಬಂದವ್ರೆ ಅಂತ! ನಾನು ಆರ್ಡರ್ ಹಿಡ್ಕಂಡು ಲಿಫ್ಟ್‌ನಲ್ಲಿದ್ದೆ, ಆಮ್ಯಾಕೆ ಮಾಡ್ತೀನಿ ಅಂತ ಕಟ್ ಮಾಡ್ದೆ. ಕನ್ನಡ ಮಾತಾಡೋನು, ಬಾರ್ಬೆಕ್ಯೂ ಅಂತ ಬಾಯಿ ಬಾಯಿ ಬಿಡೋನು, ನೀನಲ್ದೆ ಇನ್ಯಾರು?"

"ಕೈ ತೆಗೀರಿ ಬ್ರೋ. ನಾನು ಎಣ್ಣೂರು ನೋಡೇ ಇಲ್ಲ."

"ಮತ್ತೆ ಡ್ರಮ್ಮು ಕಾಲು ಬಂದು ನಡ್ಕಂಡ್ ಬಂತಾ?"

"ಇದನ್ನ ತಂದುಕೊಟ್ಟಿದ್ದು ಕೃಷ್ಣಮೂರ್ತಿ ಅಂಕಲ್. ನಿಮ್ಮ ಮಾವ."

ಭೋಜರಾಜನ ಕೈ ಸಡಿಲವಾಗಲಿಲ್ಲ. ಇನ್ನೂ ಬಿಗಿಯಾಯಿತು. ತಪ್ಪು ಮಾಡಿದವನು ಮೊದಲು ದೂರುವುದು ಮನೆಯ ಹಿರಿಯನನ್ನೇ.

"ನಮ್ ಮಾವನ ಹೆಸ್ರು ಎತ್ತುದ್ರೆ ನೋಡು!"

"ಅವರನ್ನ ಬಿಡು," ಎಂದಳು ಪ್ರಣಮ್ಯಾ ಬಾಗಿಲ ಬಳಿಯಿಂದ. "ನಿಜಾನೇ ಹೇಳ್ತಾ ಇದಾರೆ. ನೀನು ಎಣ್ಣೂರು ಕಥೆ ಹೇಳಿದ್ಯಲ್ಲ, ನಾನು ಅದನ್ನ ಅಪ್ಪನ ಹತ್ರ ಹೇಳ್ದೆ. ಪುರಟ್ಟಾಸಿಲಿ ನಮ್ಮ ಕಡೆ ಮಟನ್ ಅಂಗಡಿ ಎಲ್ಲಾ ಡಲ್ಲು. ಹಿರೀಕರ ಎಡೆಗೆ ಒಳ್ಳೆ ಮಾಂಸ ಬೇಕು ಅಂತ ಅಪ್ಪ ಹುಡುಕ್ತಾ ಇದ್ರು."

ಅದು ಸುಳ್ಳಲ್ಲ. ಊರೆಲ್ಲ ಬೆಳ್ಳುಳ್ಳಿಯನ್ನೂ ಬಿಟ್ಟು ಗೋವಿಂದ ಎನ್ನುವ ತಿಂಗಳಲ್ಲೇ ಮಂಡ್ಯ ಸೀಮೆಯವರಿಗೆ ಮಹಾಲಯ ಅಮಾವಾಸ್ಯೆ ಬರುವುದು. ಸತ್ತ ಹಿರಿಯರಿಗೆ ಬಾಳೆ ಎಲೆ ಹಾಕಿ, ಅವರು ಬದುಕಿದ್ದಾಗ ಆಸೆಪಟ್ಟು ತಿಂದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು. ಮಾಂಸವಿಲ್ಲದ ಎಡೆಗೆ ತಾತ ಬರುವುದಿಲ್ಲ ಎಂದು ಮಾವ ನಂಬಿದ್ದ.

"ಅವತ್ತು ನನ್ನೂ ಊಟಕ್ಕೆ ಕರೆದಿದ್ರು," ಎಂದ ಗುರುಚರಣ, ಕೊರಳು ಸವರಿಕೊಳ್ಳುತ್ತಾ. "ನಮ್ಮನೆ ಅಡುಗೆಮನೆಗೆ ಮೊಟ್ಟೆ ಸಿಪ್ಪೇನೂ ಬರಲ್ಲ. ಮಾಂಸದ ಎಡೆ ನನಗೆ ಹೊಸದು. ಊಟಕ್ಕೆ ಮುಂಚೆ ಅಂಕಲ್ ಕೆಳಗೆ ಕರ್ಕೊಂಡು ಹೋಗಿ ಈ ಡ್ರಮ್, ಸಿಪ್ಪೆ ಚೀಲ ತೋರಿಸಿದ್ರು. ಯಾರೋ ಬಿಟ್ಟುಹೋದ್ರು, ನಿಮಗೆ ಉಪಯೋಗಕ್ಕೆ ಬರುತ್ತೆ, ಬೇಗ ತಗೊಂಡು ಹೋಗಿ ಅಂದ್ರು. ನೀವೂ ಬಂದಿದ್ರೆ ನೋಡ್ತಿದ್ರಿ. ನೀವು ಬರಲಿಲ್ಲ."

ಹೌದು, ಬರಲಿಲ್ಲ. ಗುರುಚರಣನನ್ನು ಎಡೆಯ ಊಟಕ್ಕೆ ಕರೆದಿದ್ದಾರೆ ಎಂದು ಗೊತ್ತಾದ ಮೇಲೆ ಭೋಜರಾಜ ಫೋನ್ ಆಫ್ ಮಾಡಿ ಇಡೀ ದಿನ ಆರ್ಡರು ಹೊತ್ತಿದ್ದ. ಹಿರಿಯರ ಊಟಕ್ಕೆ ಹೊರಗಿನವನನ್ನು ಯಾರಾದರೂ ಕರೆಯುತ್ತಾರೆಯೇ? ಅಳಿಯನಾಗುವವನನ್ನು ಕರೆಯುತ್ತಾರೆ. ಅವನ ಅವ್ವ ಸಣ್ಣಮ್ಮ, ತನ್ನ ಅಪ್ಪ ಅಮ್ಮನ ಎಡೆಗೆಂದು ಪ್ರತಿವರ್ಷದ ಹಾಗೆ ಮಳವಳ್ಳಿಯಿಂದ ಬಸ್ಸು ಹತ್ತಿ ಹಿಂದಿನ ದಿನ ಬೆಳಿಗ್ಗೆಯೇ ತಮ್ಮನ ಮನೆಗೆ ಬಂದಿದ್ದಳು. ಮಗನ ಮುಖವನ್ನೂ ನೋಡದೆ ಎಡೆಯ ದಿನ ಸಂಜೆಯೇ ವಾಪಸ್ ಹೊರಟಳು. ಬಸ್ಸಿನಿಂದ ಫೋನ್ ಮಾಡಿ, "ನೀ ಬರದೇ ಇದ್ದುದ್ದೇ ಒಳ್ಳೇದಾಯ್ತು ಬುಡು" ಎಂದಿದ್ದಳು. ಚುಚ್ಚಿ ಆಡುತ್ತಿದ್ದಾಳೆ ಎಂದುಕೊಂಡು ಅವನೂ ಉರಿದುಬಿದ್ದಿದ್ದ.

"ನಂಬಿಕೆ ಇಲ್ವಾ?" ಗುರುಚರಣ ಜೇಬಿನಿಂದ ಫೋನ್ ತೆಗೆದ. "ವಿಡಿಯೋನೇ ಇದೆ. ನೋಡಿ, ಕೆಳಗಡೆ ಪಾರ್ಕಿಂಗ್‌ನಲ್ಲಿ ಡ್ರಮ್. ಅಂಕಲ್ ಪಕ್ಕದಲ್ಲೇ ನಿಂತಿದಾರೆ. ಇದೇ ಮುಂದುವರಿದ್ರೆ ಮೇಲೆ ಮನೆ ಎಡೆ."

ಭೋಜರಾಜ ಫೋನನ್ನು ಕಿತ್ತುಕೊಂಡ.

ಡ್ರಮ್ಮು ಕಂಡಿತು. ಮಾವ ಕಂಡ. ಪಂಚೆ ಎತ್ತಿಕಟ್ಟಿ, ಬೆವರು ಒರೆಸಿಕೊಳ್ಳುತ್ತಾ, ಕ್ಯಾಮೆರಾ ಬೇಡ ಎನ್ನುವಂತೆ ಕೈ ಅಡ್ಡ ಹಿಡಿಯುತ್ತಿದ್ದ.

ಆಮೇಲೆ ಮನೆಯ ನಡುಕೋಣೆ. ಗೋಡೆಗೆ ಒರಗಿಸಿದ ತಾತನ ಫೋಟೊ, ಅಜ್ಜಿಯ ಫೋಟೊ, ಹೂವು. ತಾತನ ಎಲೆ: ಮುದ್ದೆ, ಬಾಡು, ಬೀಡಿಕಟ್ಟು, ಒಂದು ಕ್ವಾರ್ಟರು ಬ್ರಾಂಡಿ. ಅಜ್ಜಿಯ ಎಲೆ: ಕೋಳಿಸಾರು, ವಡೆ, ಎಲೆಅಡಿಕೆ, ಮಡಚಿಟ್ಟ ಸೀರೆ. ಅಂಬೆಗಾಲಿಡುವಾಗಿನಿಂದ ಅವನು ನೋಡಿದ ಎಡೆ. ಪ್ರತಿವರ್ಷವೂ ಎರಡೇ ಎಲೆ.

ಕ್ಯಾಮೆರಾ ಇನ್ನೂ ಸರಿಯಿತು.

ಮೂರನೆಯ ಎಲೆ.

ಅದರ ಹಿಂದೆ ಫೋಟೊ ಇರಲಿಲ್ಲ. ಬರೀ ಗೋಡೆ. ಎಲೆಯ ಮೇಲೆ ಅನ್ನ, ಅಂಚು ಕಪ್ಪಗೆ ಸೀದ ಕೊಬ್ಬಿನ ಮಾಂಸದ ಒಂದು ತುಂಡು. ಪಕ್ಕದಲ್ಲಿ ಗಾಜಿನ ಬಾಟಲಿ. ಪನ್ನೀರ್ ಸೋಡಾ. ಬಾಟಲಿಯ ಬಾಯಿಯಿಂದ ಹಸಿರು ತೊಟ್ಟೊಂದು ಹೊರಗೆ ಇಣುಕುತ್ತಿತ್ತು.

ಸೀಳಿದ ಹಸಿಮೆಣಸಿನಕಾಯಿ.

ಯಾರೋ ಹೆಂಗಸು ಹಿಂದಿನಿಂದ, "ಸಾಕು ಬಾ, ಬಾಗ್ಲಾಕು, ಅವರು ಬರೋ ಹೊತ್ತು" ಎಂದದ್ದು ಕೇಳಿಸಿತು. ಅವ್ವನ ದನಿ. ಬಾಗಿಲು ಮುಚ್ಚಿತು. ವಿಡಿಯೋ ಮುಗಿಯಿತು.

ಭೋಜರಾಜ ಮತ್ತೆ ಹಿಂದಕ್ಕೆ ಎಳೆದು ನೋಡಿದ.

"ನೋಡಿದ್ರಾ? ಚೆನ್ನಾಗಿ ಬಂದಿದೆ ಅಲ್ವಾ ಲೈಟು?" ಎಂದ ಗುರುಚರಣ.

ಪಾಪ, ಅವನಿಗೆ ಕಂಡದ್ದು ಮೂರು ಎಲೆ ಊಟ, ಒಳ್ಳೆಯ ಬಣ್ಣ. ಎಡೆ ಯಾರಿಗೆ ಹಾಕುತ್ತಾರೆ ಎನ್ನುವುದು ಅವನ ಮನೆಯ ಮಾತಲ್ಲ. ಬದುಕಿರುವವರಿಗೆ ಎಡೆ ಹಾಕುವವರು ಭೂಮಿಯ ಮೇಲಿಲ್ಲ. ಹಾಕಿದರೆ ಅದು ಶಾಪ. ಸತ್ತವರಿಗೆ ಹಾಕದಿದ್ದರೂ ಬಿಡುವುದಿಲ್ಲ. ಹಸಿದ ಜೀವ ಹೊಸಿಲು ಕಾಯುತ್ತದೆ, ಕನಸಿನಲ್ಲಿ ಬಂದು ಕೇಳುತ್ತದೆ ಎಂದು ಅವ್ವ ಚಿಕ್ಕಂದಿನಿಂದ ಹೆದರಿಸಿದ್ದಳು. ಆ ಹೆದರಿಕೆ ಇದ್ದವರು ಮಾತ್ರ ಮೂರನೆಯ ಎಲೆ ಹಾಕುತ್ತಾರೆ.

ಬೇಬಿ ಕಾಣೆಯಾಗಿದ್ದಾಳೆ ಎಂದು ಹಟ್ಟಿಯವರು ದೂರು ಕೊಟ್ಟದ್ದೇ ಅಮಾವಾಸ್ಯೆ ಕಳೆದ ಮೇಲೆ. ಪೊಲೀಸರ ಲೆಕ್ಕದಲ್ಲಿ ಇವತ್ತಿಗೂ ಆಕೆ ಕಾಣೆಯಾದವಳು, ಸತ್ತವಳಲ್ಲ. ಅಮಾವಾಸ್ಯೆಯ ಮಧ್ಯಾಹ್ನವೇ ವೆಸ್ಟ್ ಮಾಂಬಲಂನ ಆ ಮನೆಯಲ್ಲಿ ಒಬ್ಬರಿಗೆ ಗೊತ್ತಿತ್ತು.

ಬೇಬಿ ಅಕ್ಕ ಇಲ್ಲ.

ವಿಡಿಯೋವನ್ನು ನಿಲ್ಲಿಸಿ ದೊಡ್ಡದು ಮಾಡಿದ. ಬಾಟಲಿಯನ್ನು ಎಲೆಯ ಪಕ್ಕಕ್ಕೆ ಸರಿಸುವ ಒಂದು ಕೈ. ಹೆಣ್ಣಿನ ಕೈ. ಬೆರಳಲ್ಲಿ ಬೆಳ್ಳಿಯ ಉಂಗುರ. ಉಂಗುರದ ಮೇಲೆ ಪುಟ್ಟ ಆಮೆ.

ತಲೆ ಎತ್ತಿದ.

ಪ್ರಣಮ್ಯಾ ಅವನನ್ನೇ ನೋಡುತ್ತಿದ್ದಳು. ಅವನು ಏನು ನೋಡಿದನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಮೆಲ್ಲಗೆ ಬಲಗೈಯ ಗ್ಲೌಸು ಎಳೆದು ತೆಗೆದಳು. ಬೆವರಿಗೆ ನೆನೆದು ಬಿಳಿಚಿಕೊಂಡ ಬೆರಳಲ್ಲಿ ಆಮೆ ಹಾಗೇ ಇತ್ತು. ತೆಗೆದೇ ಇರಲಿಲ್ಲ ಅವಳು.

ಇಷ್ಟು ದಿನ ಆ ಉಂಗುರ ಕಾಣಲಿ ಎಂದು ದೇವರಿಗೆ ಹರಕೆ ಹೊತ್ತುಕೊಂಡಿದ್ದ. ಕಂಡಿತು. ಕಂಡ ಗಳಿಗೆಗೆ ಎದೆ ಹಿಗ್ಗಿತು, ಹಿಗ್ಗಿದ ಎದೆಗೇ ಯಾರೋ ಒದ್ದರು.

"ಬಾವ," ಎಂದಳು ಪ್ರಣಮ್ಯಾ. ಎಷ್ಟು ದಿನವಾಗಿತ್ತು ಆ ಪದ ಕೇಳಿ.

"ಏನಾಯ್ತು ಇಬ್ಬರಿಗೂ?" ಎಂದ ಗುರುಚರಣ.

ಹೊರಗೆ ಜೀಪು ನಿಂತ ಸದ್ದಾಯಿತು. ಬೂಟಿನ ಸದ್ದು ಊಟದ ಹಾಲು ದಾಟಿ, ಅಡುಗೆಮನೆ ದಾಟಿ ಹತ್ತಿರ ಬಂತು.

ಭೋಜರಾಜನ ಹೆಬ್ಬೆರಳು ತಾನಾಗಿಯೇ ಕೆಲಸ ಮಾಡಿತು. ಅಳಿಸಲೇ ಎಂದು ಫೋನು ಕೇಳಿತು. ಹೂಂ ಎಂದ. ಮೂರನೆಯ ಎಲೆ ಇಲ್ಲವಾಯಿತು. ಫೋನನ್ನು ಗುರುಚರಣನ ಅಂಗಿಯ ಜೇಬಿಗೆ ತಾನೇ ಇಳಿಬಿಟ್ಟ, ಅಣ್ಣತಮ್ಮಂದಿರ ಹಾಗೆ.

ಎಸ್.ಐ. ತಿಲಗವತಿ ಬಾಗಿಲಲ್ಲಿ ನಿಂತು ಮೂವರನ್ನೂ ಒಂದೇ ನೋಟದಲ್ಲಿ ಅಳೆದಳು. ಹಿಂದೆ ಇಬ್ಬರು ಕಾನ್‌ಸ್ಟೇಬಲ್ಲುಗಳು. ಆಕೆಯ ಕಣ್ಣು ಡ್ರಮ್ಮಿನ ಮೇಲೆ, ಸರಪಳಿಯ ಕೊಂಡಿಯ ಮೇಲೆ ನಿಂತಿತು.

"ಎನ್ನಪ್ಪಾ ಭೋಜರಾಜ್? ಯಾರು? ಸೊಲ್ಲು."

ಒಂದು ಮಾತು. ಮಾವ ಎಂದರೆ ಮಾವ. ಪ್ರಣಮ್ಯಾ ಎಂದರೆ ಪ್ರಣಮ್ಯಾ. ಗೊತ್ತಿಲ್ಲ ಎಂದರೆ ತಾನೇ.

ಅವನ ಕಣ್ಣು ಗುರುಚರಣನ ಮೇಲೆ ಹೋಯಿತು. ಇಸ್ತ್ರಿ ಅಂಗಿಯ ಮೇಲೆ, ತಾನು ಹಿಡಿದು ಸುಕ್ಕಾಗಿಸಿದ ಕೊರಳಪಟ್ಟಿಯ ಮೇಲೆ. ಏನೂ ಗೊತ್ತಿಲ್ಲದೆ, ಹೆದರಿಕೆಯೂ ಇಲ್ಲದೆ, ಒಳ್ಳೆಯ ಮನೆಯಲ್ಲಿ ಹುಟ್ಟಿದವನ ಆ ಸಮಾಧಾನದಲ್ಲಿ ನಿಂತಿದ್ದ. ಪೊಲೀಸರನ್ನು ಕಂಡರೆ ಬೆವರದೆ ಇರುವುದು ಎಂಥ ಸುಖವಪ್ಪಾ! ತಾನು ಹುಡುಕಿದ ಕೆಂಡವೆಲ್ಲ ಇವನದಾಯಿತು. ಮಾವನ ಮನೆಯ ಸೋಫಾ ಇವನದಾಯಿತು. ಎಡೆಯ ಊಟವೂ ಇವನದಾಯಿತು. ಇದೂ ಇವನದೇ ಆಗಲಿ.

"ಇವರೇ ಮೇಡಂ," ಎಂದ ಭೋಜರಾಜ. ಬೆರಳು ಮಾಡಿ ತೋರಿಸಿದ. "ಡ್ರಮ್ಮು ಇವರ ಹಿತ್ಲಲ್ಲೇ ಅದೆ. ನೀವೇ ನೋಡಿ."

"ವ್ಹಾಟ್?" ಎಂದ ಗುರುಚರಣ. "ಬ್ರೋ! ಈಗ ತಾನೇ ತೋರಿಸಿದ್ನಲ್ಲ!" ಜೇಬಿನಿಂದ ಫೋನ್ ತೆಗೆದ, ಹುಡುಕಿದ, ಮೇಲೆ ಕೆಳಗೆ ಸರಿಸಿದ. ಅವನ ಮುಖದ ಮೇಲೆ ಮೊದಲ ಸಲ ಬೆಳಕು ತಪ್ಪಾಗಿ ಬಿತ್ತು. ಭೋಜರಾಜನನ್ನು ದಿಟ್ಟಿಸಿದ.

ಅರ್ಥವಾಗಿತ್ತು ಅವನಿಗೆ.

ಪ್ರಣಮ್ಯಾ ಬಾಯಿ ತೆರೆದಳು. ಗ್ಲೌಸು ಕಳಚದ ಎಡಗೈ ಅದಕ್ಕೆ ಅಡ್ಡ ಹಿಡಿದಳು.

ಕಾನ್‌ಸ್ಟೇಬಲ್ಲು ತೋಳು ಹಿಡಿದಾಗ ಗುರುಚರಣ ಕೊಸರಾಡಲಿಲ್ಲ. ಬಾಗಿಲು ದಾಟುವ ಮುಂಚೆ ತಿರುಗಿ ನಿಂತು, ಈ ಬಾರಿ 'ಬ್ರೋ' ಎನ್ನದೆ ಹೇಳಿದ:

"ಭೋಜರಾಜ್, ಫೋನಲ್ಲಿ ಅಳಿಸಿದ್ರೆ ಆಯ್ತಾ? ಅದು ಇವತ್ತು ಸಂಜೆ ನನ್ನ ಚಾನೆಲ್‌ನಲ್ಲಿ ಬರುತ್ತೆ. ಆಗ್ಲೇ ನಾನೇ ಏರಿಸಿ ಟೈಮ್ ಇಟ್ಟಿದೀನಿ. ಡ್ರಮ್ಮು, ಅಂಕಲ್ಲು, ಎಡೆ, ಎಲ್ಲಾ ಇದೆ. ಊರೇ ನೋಡಲಿ."

ಬೂಟುಗಳು ದೂರವಾದವು. ಹೊರಗೆ ಜೀಪಿನ ಬಾಗಿಲು ಬಡಿಯಿತು. ಡ್ರಮ್ಮನ್ನು ಸಾಗಿಸಲು ಗಾಡಿ ಕಳಿಸುತ್ತೇನೆ, ಯಾರೂ ಮುಟ್ಟಬೇಡಿ ಎಂದು ತಿಲಗವತಿ ಕೂಗಿ ಹೇಳಿದ್ದು ಕೇಳಿಸಿತು.

ಅಂಗಳದಲ್ಲಿ ಇಬ್ಬರೇ ಉಳಿದರು. ಡ್ರಮ್ಮಿನ ಸಂದಿಯಿಂದ ಕೊನೆಯ ಹೊಗೆ ಸಣ್ಣಗೆ ಎದ್ದು ತಗಡಿಗೆ ತಾಗುತ್ತಿತ್ತು. ಅದೇ ಸಿಹಿ.

"ಆ ವಿಡಿಯೋ ನಿಲ್ಸು," ಎಂದ ಭೋಜರಾಜ. "ಕತ್ತರಿಸೋಳು ನೀನೇ ಅಲ್ವಾ? ನಿಲ್ಸು ಬೇಗ."

"ಆಗಲ್ಲ ಬಾವ. ಇದನ್ನ ಕತ್ತರಿಸಿದ್ದೂ ಅವರೇ, ಚಾನೆಲ್ ಪಾಸ್‌ವರ್ಡ್ ಅವರ ಹತ್ರಾನೇ ಇರೋದು."

"ಹಂಗಾದ್ರೆ ಮಾವನ್ನ ಕರ್ಕಂಡು ಊರಿಗೆ ಹೊರಡು. ಇವತ್ತೇ. ನಾನು ಏನಾರ ಹೇಳ್ಕತೀನಿ. ಮಾವ ಯಾಕಂಗ್ ಮಾಡುದ್ರೋ ನಂಗೊತ್ತಿಲ್ಲ, ನೀ ಸೋಡಾ ಇಟ್ಟಿದ್ದೂ ಅವರ ಮಾತಿಗೆ ಅಂತ ಗೊತ್ತು. ಅಪ್ಪ ಹೇಳುದ್ಮೇಲೆ ಮಗಳು ಏನ್ ಮಾಡ್ತಾಳೆ?"

ಪ್ರಣಮ್ಯಾ ತಲೆ ಅಲ್ಲಾಡಿಸಿದಳು. ಆಮೆ ಉಂಗುರವನ್ನು ಬೆರಳಲ್ಲೇ ತಿರುಗಿಸುತ್ತಿದ್ದಳು.

"ಅಪ್ಪನಿಗೆ ಆ ಎಲೆ ನೋಡಿ ಕೈಕಾಲೇ ಬಿದ್ದುಹೋಯ್ತು. ತೆಗಿ ತೆಗಿ ಅಂತ ಕೂಗಾಡಿದ್ರು. ಸೋಡಾ ತಾ, ಮೆಣಸಿನಕಾಯಿ ಸೀಳಿ ಹಾಕು, ಆಯಮ್ಮ ಹಸ್ಕೊಂಡು ಬರಬಾರ್ದು ಅಂತ ನನಗೆ ಹೇಳಿದ್ದು ಅಪ್ಪ ಅಲ್ಲ."

"ಮತ್ತೆ?"

ಅವಳು ಅವನ ಮುಖ ನೋಡಲಾರದೆ ಡ್ರಮ್ಮಿನ ಕಡೆ ತಿರುಗಿದಳು.

"ಅತ್ತೆ."

ಪ್ರಣಮ್ಯಾಳಿಗೆ ಅತ್ತೆ ಎಂದು ಇದ್ದವಳು ಒಬ್ಬಳೇ. ಮಳವಳ್ಳಿಯ ಸಣ್ಣಮ್ಮ. ಭೋಜರಾಜನ ಅವ್ವ. ಸೋಡಾದ ಸಂಗತಿ ಅವನು ಯಾರಿಗೂ ಹೇಳಿರಲಿಲ್ಲ, ಎಣ್ಣೂರಿಗೆ ಹೋಗಿ ಕಣ್ಣಾರೆ ಕಂಡವರಿಗೇ ಗೊತ್ತು.

ತಂಬಿ, ನಿಮ್ಮ ಊರಿನವರು ಬಂದಿದ್ದಾರೆ.